ಹಳೆಯ ಪೋರ್ಚುಗೀಸ್ ಕೆಂಪು ವೈನ್: ಕಾರ್ಕ್ ತೆಗೆಯುವುದರಿಂದ ತೀರ್ಪು ಕೊಡುವವರೆಗೆ

ನನಗೆ ಬರುವ ಪ್ರಶ್ನೆಗಳಲ್ಲಿ ಇದೊಂದು ನಿಂತೇ ಇಲ್ಲ. “ಮನೆಯಲ್ಲಿ ಪೋರ್ಚುಗಲ್‌ನ ಕೆಂಪು ವೈನ್ ಒಂದಿದೆ. ಲೇಬಲ್ ಮೇಲೆ 2005 ಅಂತಿದೆ. ಇನ್ನೂ ಕುಡಿಯಬಹುದಾ? ಕುಡಿದರೂ ಅದು ಒಳ್ಳೆಯದಾ ಕೆಟ್ಟದ್ದಾ ಅಂತ ತಿಳಿಯೋದು ಹೇಗೆ?” ಕೇಳುವವರಲ್ಲಿ ಲಿಸ್ಬನ್‌ನಲ್ಲಿ ಕೆಲಸಕ್ಕಿರುವವರಿದ್ದಾರೆ. ವಿದೇಶದಿಂದ ಬಾಟಲಿ ತಂದು ಬೆಂಗಳೂರಿನ ಮನೆಯ ಅಲಮಾರಿನಲ್ಲಿ ಇಟ್ಟು ಮರೆತವರೂ ಇದ್ದಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಹಳೆಯದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ. ಜಗತ್ತಿನ ಬಹುಪಾಲು ಕೆಂಪು ವೈನ್ ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸಲು ಮಾಡಿದ್ದು. 15–20 ವರ್ಷ ತಾಳುವಂಥವು ಕಡಿಮೆ. ಹಾಗೆ ತಾಳುವ ವೈನ್‌ಗಳನ್ನು ಮಾಡುವ ದೇಶಗಳಲ್ಲಿ ಪೋರ್ಚುಗಲ್ ಒಂದು. ಆದರೆ ಅಂಥ ವೈನ್ ಮೊದಲ ಗುಟುಕಿಗೇ ತನ್ನನ್ನು ಬಿಟ್ಟುಕೊಡುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟು ಸಿಂಕಿಗೆ ಸುರಿದವರು ಎಷ್ಟೋ ಜನ. ನಾನೂ ಸುರಿದಿದ್ದೇನೆ.

ಇದು ಪೋರ್ಟ್ ವೈನ್ ಅಲ್ಲ

ಗೋವಾಕ್ಕೆ ಹೋಗಿ ಬಂದವರಿಗೆ “ಪೋರ್ಚುಗೀಸ್ ವೈನ್” ಅಂದ ಕೂಡಲೇ ಅಲ್ಲಿ ಮಾರುವ ಸಿಹಿ ಪೋರ್ಟ್ ವೈನ್ ನೆನಪಾಗುತ್ತದೆ. ಅದು ಬೇರೆ. ಪೋರ್ಚುಗಲ್‌ನ ಅಸಲಿ ಪೋರ್ಟ್ ಕೂಡ ಬೇರೆ. ಅದರಲ್ಲಿ ಹುದುಗುವಿಕೆಯನ್ನು ಅರ್ಧಕ್ಕೆ ನಿಲ್ಲಿಸಲು ದ್ರಾಕ್ಷಿಯ ಸಾರಾಯಿ ಸೇರಿಸುತ್ತಾರೆ. ಹಾಗಾಗಿ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ 20 ಶೇಕಡಾದ ಆಸುಪಾಸಿಗೆ ಏರುತ್ತದೆ. ನಾವಿಲ್ಲಿ ಮಾತಾಡುತ್ತಿರುವುದು ಊಟದ ಜೊತೆ ಕುಡಿಯುವ ಒಣ ಕೆಂಪು ವೈನ್ ಬಗ್ಗೆ. ‘ಒಣ’ ಅಂದರೆ ಸಿಹಿ ಇಲ್ಲದ್ದು. ಆಲ್ಕೋಹಾಲ್ ಸಾಮಾನ್ಯವಾಗಿ 13–14.5 ಶೇಕಡಾ.

ಪೋರ್ಚುಗಲ್‌ನಲ್ಲಿ 250ಕ್ಕೂ ಜಾಸ್ತಿ ಸ್ಥಳೀಯ ದ್ರಾಕ್ಷಿ ತಳಿಗಳಿವೆ. ಅಲ್ಲಿ ಒಂದೇ ತಳಿಯ ವೈನ್‌ಗಿಂತ ಬ್ಲೆಂಡ್, ಅಂದರೆ ಹಲವು ತಳಿಗಳ ಮಿಶ್ರಣವೇ ಹಳೆಯ ರೂಢಿ. ದೋರೊ ನದಿಯ ಕಣಿವೆಯ ಹಳೆಯ ತೋಟಗಳಲ್ಲಿ ಇಪ್ಪತ್ತು ಮೂವತ್ತು ತಳಿಗಳು ಒಂದೇ ಸಾಲಿನಲ್ಲಿ ಕಲಸಿಹೋಗಿವೆ. ಎಲ್ಲವನ್ನೂ ಒಟ್ಟಿಗೆ ಕೊಯ್ದು ಒಟ್ಟಿಗೆ ಹುದುಗಿಸುತ್ತಾರೆ. ಇನ್ನು ಕೆಲವರು ತಳಿಗಳನ್ನು ಬೇರೆ ಬೇರೆ ಹುದುಗಿಸಿ ಕೊನೆಗೆ ಬೆರೆಸುತ್ತಾರೆ.

ಏನೇನು ಬೇಕು

ತಳ ಅಗಲ, ಬಾಯಿ ಕಿರಿದಾದ, ಕಾಲಿರುವ ಗ್ಲಾಸುಗಳು. ಒಬ್ಬರಿಗೆ ಒಂದು ಸಾಕು, ಎರಡಿದ್ದರೆ ಹೋಲಿಸಿ ನೋಡಲು ಅನುಕೂಲ. ಗಾಜಿನ ಜಗ್ ಅಥವಾ ಡಿಕ್ಯಾಂಟರ್. ಡಿಕ್ಯಾಂಟರ್ ಅಂದರೆ ಬಾಟಲಿಯಿಂದ ವೈನ್ ಬಗ್ಗಿಸಿಕೊಳ್ಳುವ ಪಾತ್ರೆ, ಅಷ್ಟೇ. ಅದಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ. ಟಾರ್ಚ್, ಬಿಳಿ ಕಾಗದ, ಪೆನ್ನು, ಉಗುಳಲು ಒಂದು ಪಾತ್ರೆ.

ಕಾರ್ಕ್ ತೆಗೆಯಲು ಮಾತ್ರ ಎರಡು ಸಾಧನ ಇಟ್ಟುಕೊಳ್ಳಿ. ಒಂದು ಮಾಮೂಲಿ ಸುರುಳಿ ತಿರುಪು. ಇನ್ನೊಂದು ಎರಡು ತೆಳು ಪಟ್ಟಿಗಳಿರುವ ‘ಆ-ಸೊ’ ಎಂಬ ಓಪನರ್. ಇಪ್ಪತ್ತು ವರ್ಷದ ಕಾರ್ಕ್‌ಗೆ ಎರಡನೆಯದೇ ಆಪದ್ಬಾಂಧವ.

ಕೋಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅಗರಬತ್ತಿ ಹಚ್ಚಬೇಡಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಅರ್ಧ ಗಂಟೆ ತಡೆಯಿರಿ. ಸೆಂಟ್ ಬೇಡ, ಮಲ್ಲಿಗೆ ಮುಡಿದವರು ಸ್ವಲ್ಪ ದೂರ ಕೂತರೆ ಒಳ್ಳೆಯದು. ಎಲೆಅಡಿಕೆ ಹಾಕಿ ರುಚಿ ನೋಡಲು ಕೂರಬೇಡಿ. ಗ್ಲಾಸನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒಮ್ಮೆ ಮೂಸಿ ನೋಡಿ. ಪಾತ್ರೆ ಸೋಪಿನ ನಿಂಬೆ ವಾಸನೆ ಬಂದರೆ ಮತ್ತೆ ತೊಳೆಯಿರಿ.

ಹಂತ 1: ಲೇಬಲ್ ಓದಿ

ಬಾಟಲಿ ಮೇಲೆ ಎದುರಾಗುವ ಪದಗಳು ಇಷ್ಟು. ‘ತಿಂತೊ’ ಅಂದರೆ ಕೆಂಪು. ‘ಕಿಂತಾ’ ಅಂದರೆ ತೋಟ, ಎಸ್ಟೇಟ್. ‘ಕೊಲ್ಯೇತಾ’ ಅಂದರೆ ಸುಗ್ಗಿ, ಅದರ ಪಕ್ಕದ ವರ್ಷ ದ್ರಾಕ್ಷಿ ಕೊಯ್ದ ವರ್ಷ. ‘ರೆಜೆರ್ವಾ’ ಅಂದರೆ ಆ ಪ್ರದೇಶದ ಕನಿಷ್ಠ ಮಟ್ಟಕ್ಕಿಂತ ಅರ್ಧ ಶೇಕಡಾವಾದರೂ ಹೆಚ್ಚು ಆಲ್ಕೋಹಾಲ್ ಇದ್ದು, ರುಚಿ ಪರೀಕ್ಷೆಯಲ್ಲಿ ಪಾಸಾದದ್ದು. ‘ಗರ್ರಫೇರಾ’ ಕಂಡರೆ ಖುಷಿಪಡಿ. ಕೆಂಪು ವೈನ್ ಆದರೆ ಮಾರಾಟಕ್ಕೆ ಬರುವ ಮುಂಚೆಯೇ ಕನಿಷ್ಠ 30 ತಿಂಗಳು ಮಾಗಿರಬೇಕು, ಅದರಲ್ಲಿ 12 ತಿಂಗಳು ಬಾಟಲಿಯೊಳಗೇ ಇರಬೇಕು ಅಂತ ನಿಯಮ. ‘ವಿನ್ಯಶ್ ವೆಲ್ಯಶ್’ ಅಂದರೆ ಹಳೆಯ ಬಳ್ಳಿಗಳು. ಎಷ್ಟು ಹಳೆಯವು ಅನ್ನೋದು ಮಾಡಿದವರ ಮಾತಿನ ಮೇಲಿನ ನಂಬಿಕೆ. ‘ಡಿಒಸಿ’ ಅಂದರೆ ನಿರ್ದಿಷ್ಟ ಪ್ರದೇಶದ, ನಿಯಮಕ್ಕೆ ಒಳಪಟ್ಟ ವೈನ್.

ಎಲ್ಲಕ್ಕಿಂತ ಮುಖ್ಯ ಪ್ರದೇಶದ ಹೆಸರು. ರುಚಿಯಲ್ಲಿ ಏನನ್ನು ನಿರೀಕ್ಷಿಸಬೇಕು ಅನ್ನೋದು ಅದರಿಂದಲೇ ತಿಳಿಯುತ್ತದೆ.

ದೋರೊ: ಕಡಿದಾದ ಗುಡ್ಡ, ಪದರು ಪದರಾಗಿ ಸೀಳುವ ಶಿಸ್ಟ್ ಕಲ್ಲು, ಬೆಂಕಿಯಂಥ ಬೇಸಿಗೆ. ತುರಿಗಾ ನಾಸಿಯೊನಾಲ್, ತುರಿಗಾ ಫ್ರಾಂಕಾ, ತಿಂತಾ ರೊರೀಜ್ ಇಲ್ಲಿನ ಮುಖ್ಯ ತಳಿಗಳು. ಮೈತುಂಬಿದ ವೈನ್. 1756ರಲ್ಲೇ ಈ ಕಣಿವೆಗೆ ಗಡಿ ಗುರುತಿಸಿದ್ದರು, ಆದರೆ ಅದು ಪೋರ್ಟ್‌ಗಾಗಿ. ಒಳ್ಳೆಯ ದ್ರಾಕ್ಷಿಯೆಲ್ಲ ಪೋರ್ಟ್‌ಗೇ ಹೋಗುತ್ತಿತ್ತು. ಫೆರ್ನಾಂದೊ ನಿಕೊಲಾವ್ ದೆ ಅಲ್ಮೇದಾ ಎಂಬುವರು 1952ರಲ್ಲಿ ‘ಬಾರ್ಕಾ ವೆಲ್ಯಾ’ ಎಂಬ ಒಣ ಕೆಂಪು ವೈನ್ ಮಾಡಿದ್ದು ಇಲ್ಲಿಯೇ. ಆಗ ಆ ತೋಟದಲ್ಲಿ ಕರೆಂಟ್ ಇರಲಿಲ್ಲ. ಹುದುಗುವ ರಸ ತಣ್ಣಗಿರಿಸಲು ಕರಾವಳಿಯಿಂದ ಲಾರಿಯಲ್ಲಿ ಐಸ್ ತರಿಸಿದ್ದರು. ಇವತ್ತಿಗೂ ಆ ವೈನ್ ಎಲ್ಲ ವರ್ಷ ಬರುವುದಿಲ್ಲ. ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟು, ರುಚಿ ನೋಡಿ, ತಕ್ಕದ್ದು ಅನ್ನಿಸಿದರೆ ಮಾತ್ರ ಆ ಹೆಸರು. ನಿಮಗೆ ಸಿಗುವ ಹಳೆಯ ದೋರೊ ಒಣ ವೈನ್ ಹೆಚ್ಚಾಗಿ 1990ರ ನಂತರದ್ದೇ ಆಗಿರುತ್ತದೆ.

ದಾಂವ್: 1908ರಲ್ಲಿ ಗಡಿ ಗುರುತಿಸಿದ ಪ್ರದೇಶ. ಗ್ರಾನೈಟ್ ನೆಲ, ಸುತ್ತ ಬೆಟ್ಟ, ಪೈನ್ ಕಾಡು. ದೋರೊಗಿಂತ ತೆಳು, ಹುಳಿ ಚುರುಕು, ನಯ ಜಾಸ್ತಿ. ನನಗೆ ಹಳೆಯ ಪೋರ್ಚುಗೀಸ್ ವೈನ್‌ಗಳಲ್ಲಿ ಇದರ ಮೇಲೇ ಪಕ್ಷಪಾತ.

ಬೈರ್ರಾದಾ: ಅಟ್ಲಾಂಟಿಕ್‌ಗೆ ಹತ್ತಿರ, ಜೇಡಿ ಮತ್ತು ಸುಣ್ಣಕಲ್ಲಿನ ಮಣ್ಣು. ಇಲ್ಲಿನ ದೊರೆ ಬಾಗಾ ಎಂಬ ತಳಿ. ಎಳೆಯದಾಗಿದ್ದಾಗ ಬಾಯಿ ಕಟ್ಟುವಷ್ಟು ಒಗರು. ಇಪ್ಪತ್ತು ವರ್ಷಕ್ಕೆ ಮೆತ್ತಗಾಗುತ್ತದೆ.

ಅಲೆಂತೇಜೊ: ದಕ್ಷಿಣದ ಬಿಸಿ ಬಯಲು. ಅರಾಗೊನೇಜ್ (ತಿಂತಾ ರೊರೀಜ್‌ಗೆ ಇಲ್ಲಿನ ಹೆಸರು, ಸ್ಪೇನಿನ ಟೆಂಪ್ರಾನೀಯೊ ಕೂಡ ಇದೇ), ತ್ರಿಂಕಾದೇರಾ, ಅಲಿಕಾಂತೆ ಬುಶೆ. ಬೇಗ ಮಾಗುತ್ತವೆ, ಬೇಗ ಮುಪ್ಪೂ ಬರುತ್ತದೆ. ಒಳ್ಳೆಯ ಅಲಿಕಾಂತೆ ಬುಶೆ ಇದ್ದವು ಮಾತ್ರ ದೀರ್ಘಾಯುಷಿಗಳು.

ಹಂತ 2: ಬಾಟಲಿಯ ಮೈ ನೋಡಿ, ನಿಲ್ಲಿಸಿ

ಬಾಟಲಿಯನ್ನು ಬೆಳಕಿಗೆ ಹಿಡಿದು ವೈನ್ ಎಲ್ಲಿಯವರೆಗೆ ಇದೆ ನೋಡಿ. ಕತ್ತಿನ ಬುಡದಲ್ಲಿದ್ದರೆ ಚೆನ್ನ. ಭುಜದ ಮೇಲ್ಭಾಗಕ್ಕೆ ಇಳಿದಿದ್ದರೂ 20 ವರ್ಷಕ್ಕೆ ಪರವಾಗಿಲ್ಲ. ಭುಜದ ಮಧ್ಯಕ್ಕಿಂತ ಕೆಳಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಕಾರ್ಕ್ ಮೇಲಕ್ಕೆ ಉಬ್ಬಿ ಬಂದಿದ್ದರೆ, ಅಥವಾ ಮುಚ್ಚಳದ ಹಾಳೆಯ ಕೆಳಗೆ ಅಂಟು ಒಸರಿದ್ದರೆ, ಬಾಟಲಿ ಎಲ್ಲೋ ಬಿಸಿಲಿಗೆ ಬೆಂದಿದೆ. ನಮ್ಮಲ್ಲಿ ಇದೇ ಜಾಸ್ತಿ. ಫ್ರಿಜ್ ಮೇಲೆ, ಅಟ್ಟದ ಮೇಲೆ, ಶೋಕೇಸಿನ ಲೈಟಿನ ಕೆಳಗೆ ಹತ್ತು ವರ್ಷ ಕಳೆದ ವೈನ್‌ನಿಂದ ಜಾಸ್ತಿ ನಿರೀಕ್ಷಿಸಬೇಡಿ.

ತೆರೆಯುವ ಒಂದೆರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಇಳಿಯಲಿ. ಈ ಗಸಿ ಕೊಳೆಯಲ್ಲ. ದ್ರಾಕ್ಷಿ ಸಿಪ್ಪೆಯ ಬಣ್ಣ ಮತ್ತು ಟ್ಯಾನಿನ್ (ಒಗರು ಕೊಡುವ ವಸ್ತು) ವರ್ಷಗಳು ಕಳೆದಂತೆ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಕೆಳಗೆ ಕೂರುತ್ತವೆ. ಈ ಒಂದು ವಿಷಯ ನೆನಪಿಡಿ. ಬಣ್ಣ ಯಾಕೆ ಮಾಸುತ್ತದೆ, ಒಗರು ಯಾಕೆ ಮೆತ್ತಗಾಗುತ್ತದೆ, ತಳದಲ್ಲಿ ಗಸಿ ಯಾಕೆ, ಮೂರಕ್ಕೂ ಉತ್ತರದ ದೊಡ್ಡ ಪಾಲು ಇದರಲ್ಲೇ ಇದೆ.

ಕುಡಿಯುವ ಹದ 16–18 ಡಿಗ್ರಿ ಸೆಲ್ಸಿಯಸ್. ‘ರೂಮ್ ಟೆಂಪರೇಚರ್’ ಅನ್ನೋದು ಯುರೋಪಿನ ಹಳೆಯ ತಣ್ಣನೆ ಮನೆಗಳ ಲೆಕ್ಕ. ನಮ್ಮ ಏಪ್ರಿಲ್‌ಗೆ ಅದು ಹೊಂದುವುದಿಲ್ಲ. ಬಾಟಲಿಯನ್ನು ನಿಂತ ಹಾಗೆಯೇ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಚ್ಚಗಿನ ಹಳೆಯ ವೈನ್‌ನಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ.

ಹಂತ 3: ಕಾರ್ಕ್

ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಬರುವುದು ಪೋರ್ಚುಗಲ್‌ನಿಂದಲೇ. ಕಾರ್ಕ್ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಮರ ಸಾಯುವುದಿಲ್ಲ. ಆದರೆ ಎಷ್ಟೇ ಒಳ್ಳೆಯ ಕಾರ್ಕ್ ಆದರೂ 20 ವರ್ಷಕ್ಕೆ ಒಳಭಾಗ ನೆನೆದು ಮೆತ್ತಗಾಗಿರುತ್ತದೆ.

ಮೇಲಿನ ಹಾಳೆ ಕತ್ತರಿಸಿ, ಒದ್ದೆ ಬಟ್ಟೆಯಿಂದ ಬಾಟಲಿಯ ಬಾಯಿ ಒರೆಸಿ. ಅಲ್ಲಿ ಕಪ್ಪು ಬೂಷ್ಟು ಕಂಡರೆ ಹೆದರಬೇಡಿ. ಅದು ತಂಪಾದ, ತೇವದ ಜಾಗದಲ್ಲಿ ಇಟ್ಟಿದ್ದಕ್ಕೆ ಗುರುತು, ಒಳ್ಳೆಯದೇ. ಆ-ಸೊ ಓಪನರ್‌ನ ಉದ್ದ ಪಟ್ಟಿಯನ್ನು ಕಾರ್ಕ್ ಮತ್ತು ಗಾಜಿನ ನಡುವೆ ತೂರಿಸಿ. ಆಮೇಲೆ ಗಿಡ್ಡ ಪಟ್ಟಿ. ಆ ಕಡೆ ಈ ಕಡೆ ಅಲುಗಾಡಿಸುತ್ತಾ ಕೆಳಕ್ಕೆ ಒತ್ತಿ. ಪೂರ್ತಿ ಇಳಿದ ಮೇಲೆ ನಿಧಾನಕ್ಕೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಎಳೆಯುವುದಕ್ಕಿಂತ ತಿರುಗಿಸುವುದೇ ಜಾಸ್ತಿ ಇರಲಿ. ಒತ್ತುವಾಗ ಕಾರ್ಕ್ ಕೆಳಗೆ ಜಾರುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಮಾಮೂಲಿ ತಿರುಪು ಹಿಡಿಯಿರಿ. ನಾನು ಒಮ್ಮೆ ಹಟಕ್ಕೆ ಬಿದ್ದು ಒತ್ತಿದೆ. ಕಾರ್ಕ್ ಬುಳುಕ್ ಅಂತ ಒಳಗೆ ಬಿತ್ತು, ಶರ್ಟಿನ ಮೇಲೆ 1997 ಇಸವಿ ಉಳಿಯಿತು.

ಪುಡಿಯಾದರೆ ತೊಂದರೆಯಿಲ್ಲ. ಒಗೆದು, ಸೋಪಿನ ವಾಸನೆ ಹೋಗುವಂತೆ ಬರೀ ನೀರಲ್ಲಿ ಜಾಲಿಸಿ ಒಣಗಿಸಿದ ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ. ಕಾರ್ಕ್‌ನ ಪುಡಿ ಬಿದ್ದ ಮಾತ್ರಕ್ಕೆ ವೈನ್ ಕೆಡುವುದಿಲ್ಲ. ಇನ್ನೊಂದು ವಿಷಯ, ಕಾರ್ಕ್ ಮೂಸಿ ತೀರ್ಪು ಕೊಡಬೇಡಿ. ಕಾರ್ಕ್ ಕಾರ್ಕಿನ ವಾಸನೆಯನ್ನೇ ಹೊಡೆಯುತ್ತದೆ. ಗ್ಲಾಸಿನಲ್ಲಿರುವುದನ್ನು ಮೂಸಿ.

ಹಂತ 4: ಬಗ್ಗಿಸಬೇಕೋ ಬೇಡವೋ

ಮೊದಲು ಗ್ಲಾಸಿಗೆ ಎರಡು ಚಮಚದಷ್ಟು ಹಾಕಿ ರುಚಿ ನೋಡಿ, ಆಮೇಲೆ ನಿರ್ಧರಿಸಿ. ಇದನ್ನು ಬಿಟ್ಟು ನೇರ ಡಿಕ್ಯಾಂಟರ್‌ಗೆ ಸುರಿಯುವುದೇ ಹೆಚ್ಚಿನವರು ಮಾಡುವ ತಪ್ಪು. ಬಾಯಿಗೆ ಬಿಗಿಯಾಗಿದ್ದರೆ, ಒಗರು ಇನ್ನೂ ಗಟ್ಟಿಯಾಗಿದ್ದರೆ (12–15 ವರ್ಷದ ಬಾಗಾ ಹೀಗಿರುತ್ತದೆ), ಬಗ್ಗಿಸಿ ಒಂದೆರಡು ಗಂಟೆ ಬಿಡಿ. ಮೆತ್ತಗಿದ್ದು ವಾಸನೆ ಆಗಲೇ ಎದ್ದು ಬರುತ್ತಿದ್ದರೆ, ಗಸಿ ಬೇರ್ಪಡಿಸಲು ಮಾತ್ರ ಬಗ್ಗಿಸಿ, ತಕ್ಷಣ ಕುಡಿಯಲು ಶುರು ಮಾಡಿ. 25–30 ವರ್ಷ ದಾಟಿದ ವೈನ್‌ಗೆ ಜಾಸ್ತಿ ಗಾಳಿ ಕೊಟ್ಟರೆ ಅದು ಕಣ್ಣೆದುರೇ ಸೊರಗುತ್ತದೆ.

ಬಗ್ಗಿಸುವ ಕ್ರಮ ನಮಗೆ ಹೊಸದೇನಲ್ಲ. ಗಸಟು ಕದಡದಂತೆ ಕಾಫಿ ಬಗ್ಗಿಸಿಕೊಂಡವರಿಗೆ ಕೈ ಪಳಗಿರುತ್ತದೆ. ಬಾಟಲಿಯ ಕತ್ತಿನ ಕೆಳಗೆ ಟಾರ್ಚ್ ಇಡಿ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ, ನಿಧಾನಕ್ಕೆ ಸುರಿಯಿರಿ. ಕೊನೆಯಲ್ಲಿ ಕತ್ತಿನೊಳಗೆ ಹೊಗೆಯಂಥ ಒಂದು ಎಳೆ ಹರಿದು ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ತಳದಲ್ಲಿ ಅರ್ಧ ಗ್ಲಾಸ್ ಉಳಿದರೆ ಉಳಿಯಲಿ, ಆಸೆ ಬೇಡ.

ಹಂತ 5: ಬಣ್ಣ

ಗ್ಲಾಸಿಗೆ ಕಾಲುಭಾಗ ಹಾಕಿ. ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಮೇಲಿನಿಂದ ನೋಡಿ. ನಡುಭಾಗಕ್ಕೂ ಅಂಚಿಗೂ ಬಣ್ಣ ಎಷ್ಟು ಬೇರೆ ಇದೆ? ಎಳೆಯ ವೈನ್ ಅಂಚಿನವರೆಗೂ ನೇರಳೆ ಹಣ್ಣಿನ ಬಣ್ಣ. ಮಾಗಿದಂತೆ ಅಂಚು ಇಟ್ಟಿಗೆಯ ಕೆಂಪಿಗೆ, ಆಮೇಲೆ ಕಂದುಗಿತ್ತಳೆಗೆ ತಿರುಗುತ್ತದೆ. ಹೊಳಪು ಇರಬೇಕು. ನಡುಭಾಗವೂ ಪೂರ್ತಿ ಕಂದಾಗಿ ಮಂಕಾಗಿದ್ದರೆ ಅನುಮಾನ ಪಡಿ.

ಆದರೆ ಬಣ್ಣ ನೋಡಿ ವಯಸ್ಸು ಹೇಳಲು ಹೋಗಬೇಡಿ. ಅಲಿಕಾಂತೆ ಬುಶೆ ದ್ರಾಕ್ಷಿಗೆ ಸಿಪ್ಪೆಯಷ್ಟೇ ಅಲ್ಲ, ತಿರುಳೂ ಕೆಂಪು. ಅದಿರುವ ಅಲೆಂತೇಜೊ ವೈನ್ 20 ವರ್ಷಕ್ಕೂ ಮಸಿಯಂತಿರಬಹುದು. ಅದೇ ವಯಸ್ಸಿನ ದಾಂವ್ ತೆಳು ಇಟ್ಟಿಗೆ ಬಣ್ಣಕ್ಕೆ ಬಂದಿರಬಹುದು. ಎರಡೂ ಆರೋಗ್ಯವಾಗಿಯೇ ಇರುತ್ತವೆ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ತಲೆಯಾಡಿಸುವವರಿದ್ದಾರೆ. ಆ ಹನಿಗಳು ಮುಖ್ಯವಾಗಿ ಆಲ್ಕೋಹಾಲ್ ಆವಿಯಾಗುವುದರಿಂದ ಬರುವಂಥವು, ಗುಣಮಟ್ಟದ ಸುದ್ದಿ ಹೇಳುವುದಿಲ್ಲ.

ಹಂತ 6: ಮೂಗು

ಹಳೆಯ ವೈನ್‌ನ ಅರ್ಧಕ್ಕಿಂತ ಜಾಸ್ತಿ ಸುಖ ಇಲ್ಲಿದೆ, ಅರ್ಧಕ್ಕಿಂತ ಜಾಸ್ತಿ ತಪ್ಪುಗಳೂ ಇಲ್ಲೇ ಆಗುತ್ತವೆ.

ಮೊದಲು ಗ್ಲಾಸ್ ತಿರುಗಿಸದೆ ಮೂಸಿ. ಆಮೇಲೆ ಎರಡು ಸುತ್ತು ತಿರುಗಿಸಿ ಮೂಸಿ. ಉದ್ದ ಉಸಿರು ಬೇಡ, ಎರಡು ಮೂರು ಗಿಡ್ಡ ಉಸಿರು ಸಾಕು. ಕೂಡಲೇ ಮನಸ್ಸಿಗೆ ಬಂದದ್ದನ್ನು ಬರೆದುಬಿಡಿ. ‘ಅಜ್ಜನ ಟ್ರಂಕು’ ಅಂತ ಬಂದರೆ ಅದನ್ನೇ ಬರೆಯಿರಿ. ಪುಸ್ತಕದ ಪದ ಹುಡುಕುತ್ತಾ ಕೂತರೆ ಮೂಗು ದಣಿಯುತ್ತದೆ.

ಮೊದಲ ಪ್ರಶ್ನೆ: ದೋಷ ಇದೆಯೇ? ಇವಿಷ್ಟು ಗೊತ್ತಿರಲಿ.

ಮುಗ್ಗಲು ವಾಸನೆ. ಮಳೆಗಾಲದಲ್ಲಿ ಒಣಗದ ಬಟ್ಟೆ, ನೆನೆದ ರಟ್ಟು. ಇದಕ್ಕೆ ಸಾಮಾನ್ಯ ಕಾರಣ ಕಾರ್ಕ್‌ನಿಂದ ಬರುವ ಟಿಸಿಎ ಎಂಬ ರಾಸಾಯನಿಕ. ಒಂದು ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಕುಡಿದರೆ ಅಪಾಯವಿಲ್ಲ, ಆದರೆ ವೈನ್‌ನ ಹಣ್ಣಿನ ಪರಿಮಳವನ್ನೆಲ್ಲ ನುಂಗಿಬಿಡುತ್ತದೆ. ಇಲ್ಲೊಂದು ಎಚ್ಚರ. ವರ್ಷಗಟ್ಟಲೆ ಮುಚ್ಚಿದ್ದ ಬಾಟಲಿ ತೆರೆದ ಕೂಡಲೇ ಹಳೆ ಪೆಟ್ಟಿಗೆಯಂಥ, ಬೆಂಕಿಕಡ್ಡಿಯಂಥ ವಾಸನೆ ಬರುವುದು ಸಹಜ. ಅದು ಇಪ್ಪತ್ತು ನಿಮಿಷದಲ್ಲಿ ಹೋಗುತ್ತದೆ. ಕಾರ್ಕ್ ದೋಷ ಹೋಗುವುದಿಲ್ಲ, ಹೊತ್ತು ಕಳೆದಂತೆ ಇನ್ನೂ ಎದ್ದು ಕಾಣುತ್ತದೆ. ಎರಡರ ವ್ಯತ್ಯಾಸ ಹೇಳುವುದು ಗಡಿಯಾರ ಮಾತ್ರ.

ಉಗುರು ಬಣ್ಣ, ವಿನೆಗರ್. ಚೂರು ಇದ್ದರೆ ಹಳೆಯ ವೈನ್‌ಗೆ ಒಂದು ಮೆರುಗು. ಮೂಗು ಚುಚ್ಚಿದರೆ ದೋಷ.

ಕೊಟ್ಟಿಗೆ, ಕುದುರೆ ಲಾಯ, ಬ್ಯಾಂಡೇಜ್. ಇದು ಬ್ರೆಟ್ ಎಂಬ ಯೀಸ್ಟ್‌ನ ಕೆಲಸ. ಹಳೆಯ ಪೋರ್ಚುಗೀಸ್ ವೈನ್‌ಗಳಲ್ಲಿ ಆಗಾಗ ಸಿಗುತ್ತದೆ. ಹಣ್ಣಿನ ಹಿಂದೆ ನಿಂತಿದ್ದರೆ ನಾನು ಒಪ್ಪುತ್ತೇನೆ, ಮುಂದೆ ಬಂದರೆ ಇಲ್ಲ. ಒಪ್ಪಲೇಬೇಕು ಅಂತ ನಿಮಗೇನೂ ಇಲ್ಲ.

ಕೊಯ್ದಿಟ್ಟು ಕಂದಾದ ಸೇಬು. ಗಾಳಿ ಹೊಕ್ಕು ಕೆಟ್ಟದ್ದು. ಬೆಂದ ಜಾಮ್, ಸುಟ್ಟ ಸಕ್ಕರೆ. ಬಿಸಿಲಿಗೆ ಬೆಂದದ್ದು.

ಎರಡನೆಯ ಪ್ರಶ್ನೆ: ಹಣ್ಣು ಇನ್ನೂ ಇದೆಯೇ? ಹಸಿ ಹಣ್ಣಿನ ವಾಸನೆ ಇರಬೇಕಿಲ್ಲ. ಒಣ ಅಂಜೂರ, ಖರ್ಜೂರ, ಒಣದ್ರಾಕ್ಷಿ ಕಂಡರೂ ಹಣ್ಣು ಜೀವಂತ ಇದೆ ಅಂತಲೇ ಲೆಕ್ಕ.

ಮೂರನೆಯದು: ಮಾಗಿದ ಗುರುತು ಏನೇನಿದೆ? ಹಳೆಯ ಚರ್ಮದ ಬೆಲ್ಟ್, ಹೊಗೆಸೊಪ್ಪು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್, ಲವಂಗ, ಮಳೆ ನಿಂತ ಕಾಡಿನ ತರಗೆಲೆ, ಅಣಬೆ. ದೋರೊ ವೈನ್‌ನಲ್ಲಿ ಇನ್ನೊಂದು ವಾಸನೆ ಹುಡುಕಿ. ಅಲ್ಲಿನ ಗುಡ್ಡಗಳ ತುಂಬ ಎಸ್ತೇವಾ ಎಂಬ ಬಿಳಿ ಹೂವಿನ ಪೊದೆ ಬೆಳೆಯುತ್ತದೆ. ಎಲೆ ಮುಟ್ಟಿದರೆ ಅಂಟುತ್ತದೆ. ಅದರ ಅಂಟಿನ ವಾಸನೆ ನಮಗೆ ಧೂಪದ ಹತ್ತಿರ ಅನ್ನಿಸುತ್ತದೆ. ತುರಿಗಾ ನಾಸಿಯೊನಾಲ್‌ನ ಗುರುತಾಗಿ ಎಲ್ಲರೂ ವಯಲೆಟ್ ಹೂವನ್ನು ಹೇಳುತ್ತಾರೆ. ನಾನು ಆ ಹೂವು ಮೂಸಿದ್ದು ವೈನ್ ಕುಡಿಯಲು ಕಲಿತ ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ನನ್ನ ಟಿಪ್ಪಣಿಯಲ್ಲಿ ‘ಅರ್ಲ್ ಗ್ರೇ ಚಹಾ, ಟಾಲ್ಕಮ್ ಪೌಡರ್’ ಅಂತಲೇ ಇತ್ತು. ಅದೂ ಸರಿಯಾಗಿಯೇ ಇತ್ತು.

ಹಂತ 7: ಬಾಯಿ

ದೊಡ್ಡ ಚಮಚದಷ್ಟು ಬಾಯಿಗೆ ತೆಗೆದುಕೊಳ್ಳಿ. ಎಲ್ಲ ಕಡೆ ಆಡಿಸಿ. ತುಟಿ ಸ್ವಲ್ಪ ತೆರೆದು ಗಾಳಿ ಒಳಗೆಳೆಯಿರಿ. ಬಿಸಿ ಕಾಫಿ ಸೊರ್ರೆಂದು ಎಳೆದಂತೆ ಸದ್ದು ಬರುತ್ತದೆ, ಬರಲಿ. ಆಮೇಲೆ ಉಗುಳಿ. ಉಗುಳುವುದು ಅವಮಾನವಲ್ಲ. ನಾಲ್ಕು ಗ್ಲಾಸ್ ಹೊಟ್ಟೆಗೆ ಹೋದ ಮೇಲೆ ಯಾರ ಟಿಪ್ಪಣಿಯನ್ನೂ ನಂಬುವಂತಿಲ್ಲ.

ಹುಳಿ: ಉಗುಳಿದ ಮೇಲೆ ಕೆನ್ನೆಯ ಪಕ್ಕದಲ್ಲಿ ನೀರೂರುತ್ತದೆಯೇ? ಊರಬೇಕು. ಹುಳಿ ಹಳೆಯ ವೈನ್‌ನ ಬೆನ್ನೆಲುಬು. ವಯಸ್ಸಾದಂತೆ ಹಣ್ಣು ಕಡಿಮೆಯಾಗುತ್ತದೆ, ಹುಳಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಅದಕ್ಕೇ ದಣಿದ ವೈನ್ ಬರೀ ಹುಳಿ ಅನ್ನಿಸುತ್ತದೆ.

ಒಗರು: ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಒದ್ದಾಡುತ್ತವೆ. ನಮಗೆ ಆ ಕಷ್ಟವಿಲ್ಲ. ನೇರಳೆ ಹಣ್ಣು, ನೆಲ್ಲಿಕಾಯಿ, ಹಸಿ ಅಡಿಕೆ, ದಾಳಿಂಬೆ ಸಿಪ್ಪೆ, ಬಾಳೆಕಾಯಿಯ ಸೊನೆ, ಒಂದೊಂದರ ಒಗರೂ ಬೇರೆ ಅಂತ ಚಿಕ್ಕಂದಿನಿಂದಲೇ ಗೊತ್ತು. ಆ ಜ್ಞಾನವನ್ನೇ ಬಳಸಿ. ನಾಲಿಗೆಯಿಂದ ಮೇಲಿನ ಒಸಡನ್ನು ಒಮ್ಮೆ ಸವರಿ. ಹಸಿ ಅಡಿಕೆಯಂತೆ ದೊರಗಾಗಿ ಬಿಗಿದಿದೆಯೇ? ಹಾಗಿದ್ದರೆ ವೈನ್ ಇನ್ನೂ ಎಳೆಯದು, ಅಥವಾ ಹಣ್ಣಾಗದ ದ್ರಾಕ್ಷಿಯಿಂದ ಮಾಡಿದ್ದು. ನೇರಳೆ ಹಣ್ಣು ತಿಂದ ಮೇಲಿನಂತೆ ತೆಳುವಾಗಿ, ಎಲ್ಲ ಕಡೆ ಸಮನಾಗಿ ಹರಡಿದೆಯೇ? ಅದು ಮಾಗಿದ ಒಗರು. ಬಾಯಿ ಒಣಗಿ, ಅದರ ಹಿಂದೆ ಹಣ್ಣಿನ ಸುಳಿವೇ ಇಲ್ಲದಿದ್ದರೆ ಹಣ್ಣು ಒಗರಿಗಿಂತ ಮೊದಲೇ ಸತ್ತಿದೆ. ಇದಕ್ಕೆ ಕಾಯುವುದರಿಂದ ಪರಿಹಾರ ಸಿಗುವುದಿಲ್ಲ.

ಮೈ: ನೀರುಮಜ್ಜಿಗೆಯಷ್ಟು ತೆಳುವೋ, ಕೆನೆ ಹಾಲಿನಷ್ಟು ದಪ್ಪವೋ? ತೆಳು ಅಂದರೆ ಕೆಟ್ಟದ್ದಲ್ಲ. ದಾಂವ್ ತೆಳುವಾಗಿಯೇ ಚೆಂದ. ಗಂಟಲಲ್ಲಿ ಬಿಸಿ ಎದ್ದರೆ ಅದು ಆಲ್ಕೋಹಾಲ್.

ಉದ್ದ: ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಮನಸ್ಸಲ್ಲೇ ಎಣಿಸಿ. ಐದಕ್ಕೆ ಮಾಯವಾದರೆ ಸಾಧಾರಣ. ಹದಿನೈದು ದಾಟಿದರೆ ಒಳ್ಳೆಯದು. ಆದರೆ ನಿಲ್ಲುವುದು ಯಾವ ರುಚಿ ಅನ್ನೋದನ್ನೂ ನೋಡಿ. ಕಹಿ ಅರ್ಧ ನಿಮಿಷ ನಿಂತರೆ ಅದು ಹೊಗಳಿಕೆಯಲ್ಲ.

ಬ್ಲೆಂಡ್ ಅಂದ ಮೇಲೆ ಇನ್ನೊಂದು ಕೆಲಸವಿದೆ. ಇದರಲ್ಲಿ ತುರಿಗಾ ಎಷ್ಟು, ರೊರೀಜ್ ಎಷ್ಟು ಅಂತ ಊಹಿಸಲು ಹೋಗಬೇಡಿ. 20 ವರ್ಷದ ಮೇಲೆ ಅದು ಪಳಗಿದವರಿಗೂ ಕಷ್ಟ. ಸಾರಿನ ಪುಡಿ ನೆನಪಿಸಿಕೊಳ್ಳಿ. ಹದವಾಗಿ ಹುರಿದು ಮಾಡಿದ ಸಾರಿನಲ್ಲಿ ಕೊತ್ತಂಬರಿ ಬೇರೆ, ಮೆಂತ್ಯ ಬೇರೆ ಅಂತ ಸಿಗುವುದಿಲ್ಲ. ಮೆಂತ್ಯ ಎದ್ದು ಕಂಡರೆ ಎಲ್ಲೋ ತಪ್ಪಾಗಿದೆ. ಬ್ಲೆಂಡ್‌ನಲ್ಲೂ ಹಾಗೆ. ಓಕ್ ಪೀಪಾಯಿಯ ವೆನಿಲಾ ಒಂದೇ ಮುಂದೆ ನಿಂತಿದ್ದರೆ, ಹುಳಿ ಒಂದು ಕಡೆ, ಒಗರು ಒಂದು ಕಡೆ ಎಳೆಯುತ್ತಿದ್ದರೆ, ಆ ವೈನ್ ಕೂಡಿಬಂದಿಲ್ಲ. (ನಮ್ಮ ‘ಪೀಪಾಯಿ’ ಪೋರ್ಚುಗೀಸರ ‘ಪೀಪಾ’ದಿಂದಲೇ ಬಂದದ್ದು. ದೋರೊದಲ್ಲಿ ಇವತ್ತಿಗೂ 550 ಲೀಟರ್‌ಗೆ ಒಂದು ಪೀಪಾ ಅಂತ ಲೆಕ್ಕ.)

ಹಂತ 8: ಕಾಯಿರಿ, ಮತ್ತೆ ಬರೆಯಿರಿ

ಕಾಗದದಲ್ಲಿ ಐದು ಸಾಲು ಎಳೆಯಿರಿ: ತೆರೆದ ತಕ್ಷಣ, 25 ನಿಮಿಷ, 1 ಗಂಟೆ, 2 ಗಂಟೆ, 3 ಗಂಟೆ. ಗ್ಲಾಸನ್ನು ಪೂರ್ತಿ ಖಾಲಿ ಮಾಡದೆ ಒಂದೊಂದು ಹೊತ್ತಿಗೂ ಒಂದೊಂದು ಸಲ ನೋಡಿ. 2004ರ ಒಂದು ದೋರೊ ಬ್ಲೆಂಡ್ ಬಗ್ಗೆ ನಾನು ಬರೆದದ್ದು ಹೀಗಿದೆ.

ತೆರೆದ ತಕ್ಷಣ: “ಮುಚ್ಚಿದ ಪೆಟ್ಟಿಗೆ. ಬೆಂಕಿಕಡ್ಡಿ. ಹಣ್ಣಿಲ್ಲ. ಮುಗೀತಾ?”

25 ನಿಮಿಷ: “ಬೆಂಕಿಕಡ್ಡಿ ಹೋಯ್ತು. ಪೆನ್ಸಿಲ್. ಒಣ ಅಂಜೂರ ಸ್ವಲ್ಪ. ಒಗರು ಬಿಗಿ.”

1 ಗಂಟೆ: “ಧೂಪ! ಅಂಜೂರ ಜಾಸ್ತಿ. ಚಹಾ. ಒಗರು ಹರಡಿದೆ.”

2 ಗಂಟೆ: “ಇದೇ ಹದ. ಚರ್ಮ, ಹೂವು, ಲವಂಗ ಎಲ್ಲ ಒಟ್ಟಿಗೆ. ಎಣಿಕೆ 20 ದಾಟಿತು.”

3 ಗಂಟೆ: “ಹುಳಿ ಮುಂದೆ ಬಂತು. ನಡುವೆ ಖಾಲಿ.”

ಮೊದಲ ಸಾಲಿಗೇ ನಿಲ್ಲಿಸಿದ್ದರೆ ನಾನು ಆ ವೈನ್‌ಗೆ 20ಕ್ಕೆ 11 ಕೊಡುತ್ತಿದ್ದೆ.

ಹಂತ 9: ತೀರ್ಪು

ಮೂರು ವಿಷಯ ಬೇರೆ ಬೇರೆ ಇಡಿ. ಬಾಟಲಿಯ ಆರೋಗ್ಯ ಒಂದು, ವೈನ್‌ನ ವಯಸ್ಸಿನ ಘಟ್ಟ ಇನ್ನೊಂದು, ಗುಣಮಟ್ಟ ಮತ್ತೊಂದು. ಕಾರ್ಕ್ ದೋಷ ಬಂದ ಬಾಟಲಿ ಆ ವೈನ್ ಕೆಟ್ಟದ್ದು ಅಂತ ಸಾಬೀತು ಮಾಡುವುದಿಲ್ಲ, ಆ ಬಾಟಲಿ ಕೆಟ್ಟಿದೆ ಅಷ್ಟೇ. ಹಾಗೆಯೇ ಒಂದು ಸಾಧಾರಣ ವೈನ್ ಪೂರ್ತಿ ಆರೋಗ್ಯವಾಗಿದ್ದೂ ಸಾಧಾರಣವಾಗಿಯೇ ಇರಬಹುದು.

ಘಟ್ಟ ಹೇಳಲು ಸುಲಭ ದಾರಿ ಇದೆ. ಹಣ್ಣು ಜಾಸ್ತಿ, ಮಾಗಿದ ವಾಸನೆ ಕಡಿಮೆ, ಒಗರು ಗಟ್ಟಿ: ಇನ್ನೂ ಏರುತ್ತಿದೆ. ಎರಡೂ ಸಮ, ಒಗರು ನಯ: ಹದದಲ್ಲಿದೆ. ಹಣ್ಣು ಅಳಿದು ಹುಳಿ ಎದ್ದಿದೆ, ನಡುವೆ ಖಾಲಿ: ಇಳಿಯುತ್ತಿದೆ. ಗುಣಮಟ್ಟಕ್ಕೆ ಸಮತೋಲ, ಉದ್ದ, ಗ್ಲಾಸಿನಲ್ಲಿ ಹೊತ್ತು ಹೋದಂತೆ ಹೊಸದೇನಾದರೂ ತೋರಿಸಿತೇ ಅನ್ನೋದನ್ನು ನೋಡಿ.

ಅಂಕ ಕೊಡಲೇಬೇಕು ಅನ್ನಿಸಿದರೆ 20ಕ್ಕೆ ಕೊಡಿ. ಪೋರ್ಚುಗಲ್‌ನಲ್ಲಿ ವೈನ್‌ಗೆ ಹಾಗೆ ಅಂಕ ಕೊಡುವ ರೂಢಿಯಿದೆ, ಕಾಲೇಜಿನ ಮಕ್ಕಳಿಗೂ ಅಲ್ಲಿ 20ಕ್ಕೇ ಅಂಕ. ಬೆಲೆ, ಹೆಸರು, ಬಾಟಲಿ ಕೊಟ್ಟ ಸ್ನೇಹಿತರ ಮುಖ, ಮೂರನ್ನೂ ಮರೆತು ಕೊಡಿ. ಇದು ಹೇಳಿದಷ್ಟು ಸುಲಭವಲ್ಲ. ಲೇಬಲ್‌ಗೆ ಪೇಪರ್ ಸುತ್ತಿ ಬೇರೆಯವರ ಕೈಯಲ್ಲಿ ಬಗ್ಗಿಸಿಕೊಳ್ಳಿ, ಅರ್ಧ ಕೆಲಸ ಆದ ಹಾಗೆ.

ಆಮೇಲೆ

ಮಿಕ್ಕ ವೈನ್ ನಾಳೆಗೆ ಇಡಬಹುದಾ? 12 ವರ್ಷದ ಬಾಗಾ ಆದರೆ ಚಿಕ್ಕ ಬಾಟಲಿಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿಡಿ, ಮರುದಿನ ಇನ್ನೂ ಚೆನ್ನಾಗಿರಬಹುದು. 25 ದಾಟಿದ್ದಾದರೆ ಅದೇ ರಾತ್ರಿ ಮುಗಿಸಿ, ನಾಲ್ಕು ಜನರನ್ನು ಕರೆಯಿರಿ. ಜೊತೆಗೆ ಖಾರದ ಊಟ ಬೇಡ. ಮೆಣಸಿನಕಾಯಿ ಒಗರನ್ನೂ ಆಲ್ಕೋಹಾಲನ್ನೂ ಎತ್ತಿಕಟ್ಟುತ್ತದೆ. ಸಾದಾ ಬ್ರೆಡ್, ಗಟ್ಟಿ ಚೀಸ್, ಮಸಾಲೆ ಕಡಿಮೆ ಇರುವ ಹುರಿದ ಮಾಂಸ ಅಥವಾ ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಹೊಂದುತ್ತದೆ.

ಅದೇ ವೈನ್‌ನ ಇನ್ನೊಂದು ಬಾಟಲಿ ನಿಮ್ಮ ಹತ್ತಿರ ಇದ್ದರೆ ಟಿಪ್ಪಣಿಯ ಕಾಗದವನ್ನು ಅದರ ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಏರುತ್ತಿದೆ ಅಂತ ಬರೆದಿದ್ದರೆ ಮೂರು ನಾಲ್ಕು ವರ್ಷ ತಂಪಾದ ಕತ್ತಲಲ್ಲಿ ಮಲಗಿಸಿಡಿ. ಹದದಲ್ಲಿದೆ ಅಂತಿದ್ದರೆ ಒಂದೆರಡು ವರ್ಷದೊಳಗೆ ತೆರೆಯಿರಿ. ಇಳಿಯುತ್ತಿದೆ ಅಂತಿದ್ದರೆ ಮುಂದಿನ ಭಾನುವಾರ.